ತಾಂಡೇಲ ಎದ್ದಿದ್ದಾನೆ, ನೀವು ಮಲಗಿ

ಹೂಡೆ, ಬೆಂಗ್ರೆ, ಕೆಮ್ಮಣ್ಣು ಕಡೆಯವರಿಗೆ ರಾತ್ರಿ ನಿದ್ರೆ ಬರುವುದಿಲ್ಲ ಎಂದರೆ ಹೊರಗಿನವರು ನಂಬುವುದಿಲ್ಲ. ನಂಬುವುದಾದರೂ ಹೇಗೆ? ಒಂದು ಕಡೆ ಕಡಲು, ಇನ್ನೊಂದು ಕಡೆ ಸ್ವರ್ಣಾ ಹೊಳೆ, ನಡುವೆ ತೆಂಗಿನ ತೋಟ. ಮಣಿಪಾಲದ ಕಾಲೇಜು ಹುಡುಗರು ಶನಿವಾರ ಸಂಜೆ ಬೈಕಿನಲ್ಲಿ ಬಂದು, ನಮ್ಮ ಹೊಯ್ಗೆಯ ಮೇಲೆ ಅರ್ಧ ಗಂಟೆ ಕುಳಿತು, "ಎಂಥ ಶಾಂತಿ ಮಾರಾಯ" ಎಂದು ಫೋಟೋ ಹಾಕಿ ಹೋಗುತ್ತಾರೆ. ಆ ಶಾಂತಿಯ ಬೆನ್ನಿಗೇ ಇರುವ ಮನೆಗಳಲ್ಲಿ ರಾತ್ರಿ ಎರಡು ಗಂಟೆಗೂ ಲೈಟು ಉರಿಯುತ್ತಿರುತ್ತದೆ ಎಂದು ಅವರಿಗೇನು ಗೊತ್ತು?

ಕಾರಣ ಕೇಳಿ ನೋಡಿ. ಮಳೆಗಾಲದಲ್ಲಾದರೆ "ಕಡಲಿನ ಅಬ್ಬರ ಮಾರಾಯ್ರೆ" ಎನ್ನುತ್ತಾರೆ. ತೊಟ್ಟಿಲಲ್ಲಿದ್ದಾಗಿನಿಂದ ಅದೇ ಅಬ್ಬರ ಕೇಳಿಕೊಂಡೇ ಮಲಗಿದವರು ಇವರು! ಬೇಸಗೆಯಲ್ಲಾದರೆ ಸೆಕೆ. ಚಳಿಗಾಲದಲ್ಲಾದರೆ ದೂರದ ಗದ್ದೆಯಲ್ಲಿ ಯಕ್ಷಗಾನದ ಚೆಂಡೆ. ವರ್ಷವಿಡೀ ಒಂದಲ್ಲ ಒಂದು ಸಬೂಬು ತಯಾರಿರುತ್ತದೆ. ನಿಜ ಸಂಗತಿ ಇಷ್ಟೆ: ಮಗ ದುಬೈಯಲ್ಲಿದ್ದಾನೆ, ಕಳಿಸಿದ ಮೆಸೇಜು ನೋಡಿಲ್ಲ.

ಊರಿನ ಎಲ್ಲರ ಸುದ್ದಿ ನನಗೆ ಬೇಡ, ಪೆಟ್ಟು ತಿಂದೇನು. ಕ್ರೈಸ್ತರ ಮನೆಗಳ ಸುದ್ದಿಯನ್ನಷ್ಟೇ ಹೇಳುತ್ತೇನೆ. ನಾವು ಬಾಸೆಲ್ ಮಿಶನ್ನಿನ ಕಡೆಯವರು, ನೆರೆಕರೆಯವರೆಲ್ಲ ಕೆಥೊಲಿಕ ಪೊರ್ಬುಗಳು, ಬಾಯಮ್ಮಂದಿರು. ಪೂಜೆ, ಆರಾಧನೆಯ ಕ್ರಮದಲ್ಲಿ ನಮಗೂ ಅವರಿಗೂ ವ್ಯತ್ಯಾಸ ಬೇಕಾದಷ್ಟು ಉಂಟು. ರಾತ್ರಿ ಹಾಸಿಗೆಯಲ್ಲಿ ಹೊರಳಾಡುವ ಕ್ರಮದಲ್ಲಿ ಮಾತ್ರ ಎರಡೂ ಸಭೆಗಳು ಎಂದೋ ಐಕ್ಯವಾಗಿಬಿಟ್ಟಿವೆ.

ಚಿಂತೆಗೂ ಒಂದು ಕಾಲಕ್ಕೆ ಘನತೆ ಇತ್ತು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದರು. ಫೋನಿಲ್ಲ, ಕಾಗದವಿಲ್ಲ. ಬದುಕಿದ್ದಾರೋ ಇಲ್ಲವೋ ಎಂದು ವಾರಗಟ್ಟಲೆ ತಿಳಿಯದೆ ಇಲ್ಲಿ ತಾಯಂದಿರು ಜಪಸರ ಹಿಡಿದು ಬೆಳಗು ಮಾಡಿದರು. ಕೊನೆಗೆ ಜೋರ್ಡಾನಿನ ಅಮ್ಮಾನ್ ಮೂಲಕ ಏರ್ ಇಂಡಿಯಾದ ವಿಮಾನಗಳು ಸರದಿಯಂತೆ ಹಾರಿ, ಸುಮಾರು 1,70,000 ಭಾರತೀಯರನ್ನು ಊರು ಮುಟ್ಟಿಸಿದವು. ಅಂಥ ರಾತ್ರಿಗಳಲ್ಲಿ ನಿದ್ರೆ ಬಾರದಿದ್ದರೆ ಯಾರೂ ಕಾರಣ ಕೇಳಬಾರದು. ಈಗಿನ ಚಿಂತೆ ನೋಡಿ: ರಾತ್ರಿ ಹನ್ನೊಂದಕ್ಕೆ "ಊಟ ಆಯಿತಾ ಪುತಾ" ಎಂದು ಕಳಿಸಿದ್ದಾಗಿದೆ, ಎರಡು ಗೆರೆ ಬಿದ್ದಿದೆ, ನೀಲಿ ಆಗಿಲ್ಲ. ದುಬೈಯಲ್ಲಿ ಆಗ ಗಂಟೆ ಒಂಬತ್ತೂವರೆ. ಹುಡುಗ ಯಾವುದೋ ಅಂಗಡಿಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದಾನೆ. ಇಲ್ಲಿ ತಾಯಿ ಅವನನ್ನು ಆ್ಯಂಬುಲೆನ್ಸಿನಲ್ಲಿ ಮಲಗಿಸಿ, ಆಸ್ಪತ್ರೆಗೆ ಸೇರಿಸಿ, ವಿಮಾನ ಟಿಕೆಟಿನ ದರವನ್ನೂ ವಿಚಾರಿಸಿ ಆಗಿದೆ.

ನೆರೆಮನೆಯ ಬಾಯಮ್ಮ ಒಮ್ಮೆ ಬೇಲಿಯ ಆಚೆಯಿಂದ ಹೇಳಿದರು: "ನಿದ್ರೆಯೇ ಇಲ್ಲ ಮಾರಾಯ್ರೆ, ಎಂತ ಮಾಡುವುದು?"

"ಮಲಗುವ ಮೊದಲು ಪ್ರಾರ್ಥನೆ ಮಾಡಿ ಬಾಯಮ್ಮ."

"ಅಯ್ಯೋ, ಪ್ರಾರ್ಥನೆ ಮಾಡಿದ ಮೇಲೆಯೇ ನಿದ್ರೆ ಹಾರಿಹೋಗುವುದು!"

ವಿಚಾರಿಸಿದರೆ ಹೌದು. ಬಾಯಮ್ಮನ ಪ್ರಾರ್ಥನೆ ಮಗನ ವೀಸಾದಿಂದ ಶುರುವಾಗುತ್ತದೆ. ಅಲ್ಲಿಂದ ಮಗಳಿಗೆ ಬಂದ ಕೆನಡಾದ ಸಂಬಂಧ, ಮೊಮ್ಮಗನ ಗಣಿತ, ಪೊರ್ಬುಗಳ ಶುಗರು, ಪಕ್ಕದವರ ತೆಂಗಿನಮರ ಇವರ ಹಂಚಿನ ಮೇಲೆ ವಾಲಿರುವುದು, ಪಂಚಾಯತಿಗೆ ಕೊಟ್ಟ ಅರ್ಜಿ. ಹಗಲೆಲ್ಲ ಮರೆತಿದ್ದ ತಾಪತ್ರಯಗಳೂ ದೇವರ ಮುಂದೆ ಸಾಲಾಗಿ ನಿಲ್ಲುತ್ತವೆ. ಆಮೆನ್ ಎನ್ನುವಷ್ಟರಲ್ಲಿ ಎದೆ ಡವಡವ. ಆಮೇಲೆ ಇನ್ನೊಂದು ಚಿಂತೆ: ಇಷ್ಟೆಲ್ಲ ಹೇಳಿದೆನಲ್ಲ, ಕೇಳಿಸಿತೋ ಇಲ್ಲವೋ? ಇದನ್ನು ಪ್ರಾರ್ಥನೆ ಎನ್ನುವುದು ಕಷ್ಟ. ದೇವರನ್ನು ಎದುರಿಗೆ ಕೂರಿಸಿಕೊಂಡು ಮಾಡಿದ ಚಿಂತೆ, ಅಷ್ಟೆ. ನಮ್ಮ ಸಭೆಯವರೇನೂ ಕಡಿಮೆಯಿಲ್ಲ. ನಮ್ಮಲ್ಲಿ ಜಪಸರ ಇಲ್ಲದ್ದರಿಂದ ಚಿಂತೆ ಎಣಿಸಲು ಮಣಿಗಳಿಲ್ಲ, ಎಲ್ಲವೂ ಬಾಯಿಪಾಠ.

ಜಪಸರವನ್ನು ಆಡಿಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅದರಲ್ಲಿ ಮದ್ದಿನ ಗುಣ ಉಂಟು. 2001ರಲ್ಲಿ ಇಟಲಿಯ ಪಾವಿಯಾದ ವೈದ್ಯರು 23 ಮಂದಿ ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯ ಮರಿಯಮ್ಮನ ಜಪವನ್ನೂ ಬೌದ್ಧರ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಬಡಿತ, ರಕ್ತದೊತ್ತಡಗಳ ಏರಿಳಿತ ಅದರೊಂದಿಗೆ ತಾಳ ಕೂಡಿಸಿತು. ಆ ವರ್ಷದ ಕೊನೆಗೆ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಇದು ಅಚ್ಚಾಯಿತು. ಆದರೆ ಆ ವೈದ್ಯರು ಹೂಡೆಗೆ ಬಂದವರಲ್ಲ. ಇಲ್ಲಿ ಏಳು ಗಂಟೆಗೆ ಚರ್ಚಿನ ಆಮೋರಿ ಗಂಟೆ ಹೊಡೆಯುತ್ತದೆ, ಎಂಟಕ್ಕೆ ಧಾರಾವಾಹಿ. ಮಧ್ಯೆ ಅಡುಗೆ ಬಿಸಿ ಮಾಡಬೇಕು, ಐವತ್ತಮೂರು ನಮಾನ್ ಮರಿಯೆ ಮುಗಿಸಬೇಕು, ಲದಿನ್ ಎಂಬ ಸ್ತುತಿಮಾಲೆ ಹೇಳಬೇಕು, ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಪಡೆಯಬೇಕು. ಮುಂದಾಳು ಅರ್ಧ ಹೇಳುವಾಗಲೇ ಉಳಿದವರು ಇನ್ನರ್ಧ ಶುರು ಮಾಡಿರುತ್ತಾರೆ. ಆ ವೇಗದಲ್ಲಿ ತೇರ್ಸ್, ಅಂದರೆ ಜಪಸರ, ಹೇಳಿದರೆ ಉಸಿರು ಆರಕ್ಕೆ ಇಳಿಯುವುದಿಲ್ಲ, ಓಡಿ ಬಸ್ಸು ಹಿಡಿದವರದ್ದಾಗುತ್ತದೆ.

ಇದರಲ್ಲಿ ದೊಡ್ಡ ವಿಚಿತ್ರವೆಂದರೆ, ರಾತ್ರಿ ಬಾರದ ನಿದ್ರೆ ಭಾನುವಾರ ಬೆಳಿಗ್ಗೆ ಕರೆಯದೆಯೇ ಬರುತ್ತದೆ. ಅವರಲ್ಲಿ ಶೆರ್ಮಾಂವ್, ನಮ್ಮಲ್ಲಿ ಪ್ರಸಂಗ, ನಿದ್ರೆ ಒಂದೇ. ಇದಕ್ಕೆ ಶಾಸ್ತ್ರಾಧಾರವೂ ಉಂಟು. ಅಪೊಸ್ತಲರ ಕೃತ್ಯಗಳಲ್ಲಿ ಯೂತಿಕನೆಂಬ ಹುಡುಗನ ಕಥೆ ಬರುತ್ತದೆ. ತ್ರೋವ ಎಂಬ ಊರಿನಲ್ಲಿ ಸಂತ ಪೌಲ ನಡುರಾತ್ರಿವರೆಗೆ ಮಾತಾಡಿದ. ಕಿಟಕಿಯಲ್ಲಿ ಕುಳಿತಿದ್ದ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲ ಇಳಿದು ಹೋಗಿ ಅವನನ್ನು ತಬ್ಬಿಕೊಂಡ, ಹುಡುಗ ಬದುಕಿದ. ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ಸಭೆ ಮುಗಿಸುತ್ತಿದ್ದರು. ಪೌಲ ಮತ್ತೆ ಮೇಲೆ ಹತ್ತಿ ಬೆಳಗಾಗುವವರೆಗೂ ಮಾತಾಡಿದ! ಹುಡುಗನಿಗೆ ಬೈದನೆಂದು ಎಲ್ಲಿಯೂ ಬರೆದಿಲ್ಲ ಎಂಬುದನ್ನು ನಮ್ಮ ಸಭಾಪಾಲಕರು ಗಮನಿಸಬೇಕು.

ಬೈಬಲು ಓದುವಾಗ ಯಾರು ಮಲಗಿದರು, ಯಾರು ಮಲಗಲಿಲ್ಲ ಎಂದು ನೋಡುತ್ತ ಹೋದರೆ ಬಹಳ ಮಜಾ. ನಿದ್ರೆಗೆಟ್ಟವರಲ್ಲಿ ಅರಸರೇ ಹೆಚ್ಚು. ಅಹಷ್ವೇರೋಷನಿಗೆ ನಿದ್ರೆ ಬಾರದೆ ರಾಜ್ಯದ ದಫ್ತರ ತರಿಸಿ ಓದಿಸಿಕೊಂಡ. ದಾರ್ಯಾವೆಷ ದಾನಿಯೇಲನನ್ನು ಸಿಂಹದ ಗವಿಗೆ ಹಾಕಿಸಿ ಬಂದು ರಾತ್ರಿಯೆಲ್ಲ ಊಟ, ನಿದ್ರೆ, ಮನೋರಂಜನೆ ಯಾವುದೂ ಬೇಡವೆಂದು ಅರಮನೆಯಲ್ಲಿ ಕುಳಿತ. ಇನ್ನು ಮಲಗಿದವರನ್ನು ನೋಡಿ. ಪೇತ್ರನನ್ನು ಮಾರನೆಯ ದಿನ ವಿಚಾರಣೆಗೆ ಎಳೆದು ತರುವುದೆಂದು ಹೆರೋದ ನಿಶ್ಚಯಿಸಿದ್ದ; ಯಾಕೋಬನ ತಲೆ ಆಗಲೇ ಹೋಗಿತ್ತು. ಆ ರಾತ್ರಿ ಪೇತ್ರ ಎರಡು ಸರಪಣಿ ತೊಟ್ಟು, ಇಬ್ಬರು ಸಿಪಾಯಿಗಳ ನಡುವೆ ಎಂಥ ನಿದ್ರೆಯಲ್ಲಿದ್ದನೆಂದರೆ, ಬಿಡಿಸಲು ಬಂದ ದೇವದೂತ ಪಕ್ಕೆಗೆ ತಿವಿದು ಎಬ್ಬಿಸಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ನಿದ್ರೆ ಗಲಿಲಾಯ ಸಮುದ್ರದ್ದು. ಬಿರುಗಾಳಿ, ದೋಣಿಗೆ ನೀರು ನುಗ್ಗುತ್ತಿದೆ, ಹುಟ್ಟಾ ಮೀನುಗಾರರಾದ ಶಿಷ್ಯರೇ ಸತ್ತೆವೆಂದು ಕೂಗುತ್ತಿದ್ದಾರೆ, ಯೇಸು ದೋಣಿಯ ಹಿಂಬದಿಯಲ್ಲಿ ಮಲಗಿದ್ದಾನೆ. ಈ ಕಥೆ ಮೂರು ಸುವಾರ್ತೆಗಳಲ್ಲಿ ಬಂದರೂ ತಲೆಯಡಿ ಒಂದು ದಿಂಬು ಇತ್ತು ಎಂದು ಹೇಳಿದವನು ಮಾರ್ಕ ಒಬ್ಬನೇ. ನನಗೆ ಆ ದಿಂಬು ಬಹಳ ಇಷ್ಟ. ಸುಸ್ತಾಗಿ ಬಿದ್ದುಕೊಂಡದ್ದಲ್ಲ, ದಿಂಬು ಇಟ್ಟುಕೊಂಡು ಮಲಗಿದ್ದು! ಮಲಗುವುದೂ ಒಂದು ಕೆಲಸ, ಅದನ್ನು ಸರಿಯಾಗಿ ಮಾಡಬೇಕು ಎನ್ನುವವರು ಮಾತ್ರ ದಿಂಬು ಹುಡುಕುತ್ತಾರೆ.

ಇದರ ಅರ್ಥ ಮಲ್ಪೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್, ಜುಲೈಯ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆಮೇಲೆ ಆಳಸಮುದ್ರದ ಬೋಟು ಹೊರಟಿತೆಂದರೆ ಮರಳುವುದು ಎಷ್ಟೋ ದಿನ ಕಳೆದು. ರಾತ್ರಿ ತಾಂಡೇಲ ಚಕ್ರ ಹಿಡಿದು ಕೂರುತ್ತಾನೆ, ಕಲಾಸಿಗಳು ಅಡ್ಡಬಿದ್ದು ನಿದ್ರೆ ಮಾಡುತ್ತಾರೆ. ಬೋಟು ತುಯ್ಯಲಿ, ಎಂಜಿನ್ ಗುಡುಗಲಿ, ಅವರಿಗೇನು? ಚುಕ್ಕಾಣಿ ಹಿಡಿದವನು ಎದ್ದಿದ್ದಾನಲ್ಲ. ಅದು ಬಿಟ್ಟು ಕಲಾಸಿಗಳೆಲ್ಲ ತಾಂಡೇಲನ ಹಿಂದೆ ಸಾಲಾಗಿ ನಿಂತು, "ದಾರಿ ಸರಿ ಉಂಟಾ? ಬಂಡೆ ಸಿಕ್ಕೀತಾ? ನೋಡುತ್ತಿದ್ದೀರಾ?" ಎಂದು ಬೆಳಗಿನವರೆಗೆ ಕೇಳುತ್ತ ನಿಂತರೆ ಏನಾದೀತು? ದಾರಿ ಒಂದು ಗೇಣೂ ಬದಲಾಗದು, ಬೆಳಿಗ್ಗೆ ಬಲೆ ಎಳೆಯಲು ಮಾತ್ರ ಯಾರ ಕೈಯಲ್ಲೂ ಬಲ ಇರದು. ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ ಎಂಬರ್ಥದ ಕೀರ್ತನೆಯನ್ನು ನಾವೆಲ್ಲ ಸಂಡೇ ಸ್ಕೂಲಿನಲ್ಲಿ ಕಲಿತವರೇ. ಕಲಿತು, ಬಹುಮಾನ ತೆಗೆದುಕೊಂಡು, ಮನೆಗೆ ಬಂದು, ಅವನ ಜೊತೆಗೆ ನಾವೂ ಎದ್ದಿರುತ್ತೇವೆ. ಕ್ರೈಸ್ತ ಧರ್ಮ ನಿದ್ರೆಯ ಬಗ್ಗೆ ಹೇಳುವುದರ ತಿರುಳು ಇದೇ: ಮಲಗುವುದೆಂದರೆ ಲೋಕ ನನ್ನಿಂದ ನಡೆಯುತ್ತಿಲ್ಲ ಎಂದು ಒಪ್ಪಿಕೊಳ್ಳುವುದು. ನಮಗೆ ಕಷ್ಟವಾಗುವುದು ನಿದ್ರೆಯಲ್ಲ, ಆ ಒಪ್ಪಿಗೆ.

ಇಷ್ಟು ಹೇಳಿದ ಕೂಡಲೇ ಎದ್ದು ನಿಲ್ಲುವ ಹಿರಿಯರೊಬ್ಬರು ಎಲ್ಲ ಸಭೆಗಳಲ್ಲೂ ಇರುತ್ತಾರೆ. "ಹಾಗಾದರೆ ನಿದ್ರೆ ಬಾರದವರಿಗೆ ವಿಶ್ವಾಸ ಇಲ್ಲ ಎಂದಾಯಿತು" ಎಂದು ಅವರ ತೀರ್ಪು. ಅವರು ದಯಮಾಡಿ ಗೆತ್ಸೆಮನೆ ತೋಟಕ್ಕೆ ಹೋಗಿ ಬರಬೇಕು. ಬಿರುಗಾಳಿಯಲ್ಲಿ ದಿಂಬಿಟ್ಟು ಮಲಗಿದ ಯೇಸುವಿಗೇ ಆ ರಾತ್ರಿ ನಿದ್ರೆ ಇರಲಿಲ್ಲ. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತೆಂದು ಲೂಕ ಬರೆಯುತ್ತಾನೆ. ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದ, ಸ್ವಲ್ಪ ಹೊತ್ತು ಜೊತೆಗಿರಿ ಎಂದು ಗೆಳೆಯರನ್ನು ಕೇಳಿಕೊಂಡ. ಅಂದು ಚೆನ್ನಾಗಿ ನಿದ್ರೆ ಹೊಡೆದವರು ಪೇತ್ರ, ಯಾಕೋಬ, ಯೋಹಾನರು. ಬೈಗುಳ ಬಿದ್ದದ್ದೂ ಅವರಿಗೇ. ಆದ್ದರಿಂದ ಗೊರಕೆಯನ್ನು ಭಕ್ತಿಯ ಅಳತೆಗೋಲು ಮಾಡುವುದು ಬೇಡ. ಮನಸ್ಸು ಕಂಗೆಟ್ಟವರಿಗೆ ಬೇಕಾದದ್ದು ಜೊತೆಗೆ ಕೂರುವ ಜನ, ತೀರ್ಪು ಕೊಡುವ ಜನ ಅಲ್ಲ.

ಎಲೀಯನ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋದ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ಪ್ರಾಣ ತೆಗೆದುಕೋ ಎಂದು ದೇವರಿಗೆ ಹೇಳಿ ಮಲಗಿದ. ದೇವದೂತ ಬಂದು ಪ್ರಸಂಗ ಮಾಡಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟ. ತಿಂದು ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ಮಾತುಕತೆ ಎಲ್ಲ ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಮೊದಲು ಊಟ, ನಿದ್ರೆ, ಆಮೇಲೆ ಧರ್ಮೋಪದೇಶ ಎಂಬ ಈ ಕ್ರಮವನ್ನು ನಮ್ಮ ಮನೆ ಭೇಟಿಯ ತಂಡದವರು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನಿದ್ರೆಯ ಮದ್ದಿನ ಮಾತು ಬಂದಾಗ ಪೊರ್ಬುಗಳು ಒಂದು ಕಣ್ಣು ಮಿಟುಕಿಸಿ, "ಒಂದು ಪೆಗ್ ಹಾಕಿದರೆ ಎಲ್ಲ ಸರಿಯಾಗುತ್ತದೆ, ಪೌಲನೇ ತಿಮೊಥೆಯನಿಗೆ ಹೇಳಿದ್ದಾನಲ್ಲ" ಎನ್ನುತ್ತಾರೆ. ಬೈಬಲಿನಲ್ಲಿ ಬೇರೆ ಯಾವ ವಾಕ್ಯ ಮರೆತರೂ ಆ ಒಂದು ವಾಕ್ಯ ಅಧ್ಯಾಯ ಸಂಖ್ಯೆ ಸಮೇತ ನೆನಪಿರುತ್ತದೆ. ಪೌಲ ಹೇಳಿದ್ದು ಹೊಟ್ಟೆಯ ತೊಂದರೆಗೆ, ಅದೂ ಸ್ವಲ್ಪ ದ್ರಾಕ್ಷಾರಸ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ ನಿಜ, ಆದರೆ ಅರ್ಧರಾತ್ರಿ ಕಳೆದ ಮೇಲೆ ಅದೇ ನಿದ್ರೆಯನ್ನು ಚೂರುಚೂರು ಮಾಡುತ್ತದೆ. ಬಾಯಮ್ಮಂದಿರ ಸಂಜೆಯ ಕಾಫಿಯೂ ಸಾಧುವಲ್ಲ. ಕುಡಿದು ಐದಾರು ಗಂಟೆಯಾದರೂ ಅದರ ಅರ್ಧ ಬಲ ಮೈಯಲ್ಲೇ ಉಳಿದಿರುತ್ತದೆ. ಆರು ಗಂಟೆಗೆ ದೊಡ್ಡ ಲೋಟದ ಕಾಫಿ ಕುಡಿದು ಹನ್ನೊಂದಕ್ಕೆ ಸೈತಾನನನ್ನು ಬೈದರೆ ಅವನೇನು ಮಾಡಿಯಾನು?

ನಮ್ಮ ಹಿರಿಯರು ಪ್ರಾರ್ಥನೆಗೂ ಮದ್ದಿಗೂ ಜಗಳ ಹಚ್ಚಿದವರಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ಎಲ್ಲವನ್ನೂ ಪ್ರಾರ್ಥನೆಯ ಜೊತೆಗೇ ನಡೆಸಿತು. ಡಾ. ಈವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ 1923ರಲ್ಲಿ ಉಡುಪಿಯಲ್ಲಿ ಮಿಶನ್ ಆಸ್ಪತ್ರೆ ಶುರು ಮಾಡಿದರು. ಕೆಥೊಲಿಕರ ಕಡೆ ಜರ್ಮನಿಯ ಜೆಸ್ವಿತ್ ಗುರು ಮುಲ್ಲರ್ 1880ರಲ್ಲೇ ಮಂಗಳೂರಿನ ಕಂಕನಾಡಿಯಲ್ಲಿ ಮದ್ದು ಕೊಡತೊಡಗಿದ್ದರು. ದೇವರ ಮೇಲೆ ಭಾರ ಹಾಕಿ ಎಂದವರೇ ಆಸ್ಪತ್ರೆ ಕಟ್ಟಿದ್ದು. ಅಂಥವರ ಮೊಮ್ಮಕ್ಕಳಾದ ನಾವು ಮಂಡಿನೋವಿಗೆ ಮಣಿಪಾಲಕ್ಕೆ ಓಡುತ್ತೇವೆ, ಮನಸ್ಸಿನ ನೋವಿಗೆ ಮಾತ್ರ "ಜನ ಏನಂದಾರು" ಎಂದು ಮನೆಯಲ್ಲೇ ಕೂರುತ್ತೇವೆ.

ಹಾಗಾದರೆ ಮಾಡುವುದೇನು? ಹಳೆಯ ಕಟ್ಟಳೆಗಳೂ ಈಗಿನ ವೈದ್ಯರೂ ಒಂದೇ ಮಾತಾಡುವುದನ್ನು ನೋಡಿ ನನಗೆ ಆಶ್ಚರ್ಯ. ಇಗ್ನೇಷಿಯಸ್ ಲೊಯೊಲಾ ಹಾಕಿಕೊಟ್ಟ ಕ್ರಮದಲ್ಲಿ ದಿನದ ಲೆಕ್ಕ ದೇವರ ಮುಂದೆ ತೆಗೆಯುವುದು ಕೃತಜ್ಞತೆಯಿಂದ ಶುರುವಾಗುತ್ತದೆ, ತಾಪತ್ರಯದಿಂದ ಅಲ್ಲ. ವೈದ್ಯರು ಹೇಳುತ್ತಾರೆ: ಚಿಂತೆಗಳನ್ನು ಸಂಜೆಯೇ ಒಂದು ಪುಸ್ತಕದಲ್ಲಿ ಬರೆದು ಮುಚ್ಚಿ, ಹಾಸಿಗೆಗೆ ತರಬೇಡಿ. ಪೋಪ್ ಫ್ರಾನ್ಸಿಸ್ 2015ರ ಜನವರಿಯಲ್ಲಿ ಮನಿಲಾದಲ್ಲಿ ಕುಟುಂಬಗಳ ಮುಂದೆ ತಮ್ಮ ಗುಟ್ಟೊಂದು ಹೇಳಿದರು: ಅವರ ಮೇಜಿನ ಮೇಲೆ ಮಲಗಿರುವ ಸಂತ ಜೋಸೆಫರ ಪ್ರತಿಮೆ ಇತ್ತು, ಕಷ್ಟ ಬಂದಾಗ ಅದನ್ನು ಚೀಟಿಯಲ್ಲಿ ಬರೆದು ಪ್ರತಿಮೆಯ ಅಡಿಗೆ ಇಡುತ್ತಿದ್ದರಂತೆ. ಸುವಾರ್ತೆಗಳಲ್ಲಿ ಒಂದು ಮಾತೂ ಆಡದ ಜೋಸೆಫ್ ದೊಡ್ಡ ಅಪ್ಪಣೆಗಳನ್ನೆಲ್ಲ ಪಡೆದದ್ದು ನಿದ್ರೆಯಲ್ಲೇ ತಾನೆ! ಬಾಯಮ್ಮನೂ ಅಂಥದೊಂದು ಪ್ರತಿಮೆ ತರಿಸಿದ್ದಾರೆ. ತೊಂದರೆ ಏನೆಂದರೆ, ಚೀಟಿ ಸರಿಯಾಗಿ ಬರೆದೆನೋ ಎಂದು ರಾತ್ರಿ ಎದ್ದು ಮತ್ತೆ ತೆಗೆದು ಓದುತ್ತಾರೆ. ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಗೆ ಹೋಗಿ ಹರಕೆಯ ಮೊಂಬತ್ತಿ ಹಚ್ಚಿ ಬಂದ ಮೇಲೂ ಇದೇ ಕಥೆ. ಗಾಳಿಗೆ ಆರಿತೋ ಏನೋ ಎಂದು ಅಲ್ಲಿಂದ ಹೂಡೆ ಮುಟ್ಟುವವರೆಗೂ ಚಿಂತೆ. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಈ ಚಾಳಿ ಬಿಟ್ಟರೆ ಅರ್ಧ ನಿದ್ರೆ ಬಂದ ಹಾಗೆ.

ನಮ್ಮ ಪ್ರೊಟೆಸ್ಟೆಂಟರಿಗೆ ಮಾರ್ಟಿನ್ ಲೂಥರ್ 1529ರ ಕಿರು ಪ್ರಶ್ನೋತ್ತರದಲ್ಲಿ ಸಂಜೆಯ ಒಂದು ಚಿಕ್ಕ ಪ್ರಾರ್ಥನೆ ಕೊಟ್ಟು, ಅದಾದ ಮೇಲೆ ತಡಮಾಡದೆ ಸಂತೋಷದಿಂದ ಮಲಗಿ ಎಂಬರ್ಥದ ಸೂಚನೆ ಬರೆದಿಟ್ಟಿದ್ದಾರೆ. ಪ್ರಾರ್ಥನೆಯ ನಂತರ ಕುಟುಂಬದ ವಾಟ್ಸಾಪ್ ಗುಂಪು ನೋಡಬೇಕೆಂದು ಅದರಲ್ಲಿಲ್ಲ, ನಾನು ಹುಡುಕಿ ನೋಡಿದ್ದೇನೆ.

ಆದ್ದರಿಂದ ಓದುಗರಲ್ಲಿ ಅರಿಕೆ. ಪ್ರಾರ್ಥನೆ ಚಿಕ್ಕದಿರಲಿ, ನಿಧಾನ ಇರಲಿ. ಎರಡು ಉಪಕಾರಸ್ಮರಣೆ ಮೊದಲು, ಒಂದು ಬೇಡಿಕೆ ಆಮೇಲೆ. ಫೋನು ಚಾವಡಿಯಲ್ಲಿ ಮಲಗಲಿ. ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮತ್ತೆ ಮಲಗಿ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಿಸಬೇಡಿ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆಗೆಟ್ಟರೆ, ಅಥವಾ ಬದುಕೇ ಬೇಡವೆನಿಸಿದರೆ, ಅದು ಪಾಪವೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ, ಕಾಯಿಲೆ. ಬದುಕು ಬೇಡವೆನಿಸಿದವರು ಮೂರು ತಿಂಗಳಲ್ಲ, ಮೂರು ದಿನವೂ ಕಾಯಬಾರದು. ಉಡುಪಿ, ಮಣಿಪಾಲದಲ್ಲಿ ಮನೋವೈದ್ಯರಿಗೆ ಬರಗಾಲವಿಲ್ಲ. ಬಸ್ಸು ಹತ್ತುವಷ್ಟೂ ಧೈರ್ಯ ಇಲ್ಲದಿದ್ದರೆ ಸರಕಾರದ ಟೆಲಿ ಮಾನಸ್ ಉಂಟು, 14416ಕ್ಕೆ ಫೋನು ಮಾಡಿ. ಹಣ ಬೇಡ, ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.